ಹೋಟೆಲು ಮುಚ್ಚಿದ್ದ ಆ ಮಳೆಗಾಲ

ನಮ್ಮ ಬಿಲ್ಡಿಂಗಿಗೆ ಈಗ ರಿಪೇರಿ ಕೆಲಸ ಶುರುವಾಗಿದೆ. ನನ್ನ ಅಡುಗೆಮನೆಯ ಕಿಟಕಿಗೆ ಅಡ್ಡವಾಗಿ ಬಿದಿರು ಕಟ್ಟಿದ್ದಾರೆ, ಬಿದಿರಿಗೆ ತೆಂಗಿನ ನಾರಿನ ಹಗ್ಗ ಸುತ್ತಿದ್ದಾರೆ, ಮೇಲಿನಿಂದ ಹಸಿರು ಬಲೆ ಇಳಿಬಿಟ್ಟಿದ್ದಾರೆ. ಬೆಳಕು ಹೋಯಿತು, ಧೂಳು ಬಂತು ಎಂದು ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಜಗಳ ಮಾಡಿದವಳು ನಾನೇ. ಆದರೆ ಮೊನ್ನೆ ಮೊದಲ ಮಳೆ ಬಿತ್ತು. ಹಗ್ಗ ನೆನೆಯಿತು. ಒದ್ದೆ ನಾರು, ಒದ್ದೆ ಬಿದಿರು, ಒದ್ದೆ ಸಿಮೆಂಟು ಮೂರೂ ಸೇರಿದ ವಾಸನೆ ಕಿಟಕಿಯಿಂದ ಒಳಗೆ ಬಂತು. ಸೌಟು ಕೈಯಲ್ಲೇ ಉಳಿಯಿತು. ಜಗಳ ಮರೆತೇ ಹೋಯಿತು.

ಆ ವಾಸನೆ ನನಗೆ ಗೊತ್ತು. ಮುಂಬೈಯ ಗ್ರಾಂಟ್ ರೋಡಿನಲ್ಲಿ ನಮ್ಮ ಹೋಟೆಲಿರುವ ಹಳೆಯ ಕಟ್ಟಡಕ್ಕೂ ಒಂದು ಮಳೆಗಾಲ ಹೀಗೆಯೇ ಬಿದಿರು ಕಟ್ಟಿದ್ದರು. ಆ ವರ್ಷ ನನ್ನ ಗಂಡ ಮನೆಯಲ್ಲಿದ್ದರು.

ಇದರಲ್ಲೇನು ವಿಶೇಷ ಎಂದು ಕೇಳುವವರು ಹೋಟೆಲಿನವರನ್ನು ಮದುವೆಯಾಗಿಲ್ಲ ಎಂದರ್ಥ. ನಮ್ಮವರ ಹೆಸರು ಸದಾನಂದ. ಉಡುಪಿ ಕಡೆಯವರು, ನಾನೂ ಆ ಕಡೆಯವಳೇ. ಇವರ ದೊಡ್ಡಪ್ಪನ ಮಗ ವಸಂತಣ್ಣ ನಮ್ಮವರನ್ನು ಎಳೆಯ ವಯಸ್ಸಿನಲ್ಲಿ ಊರಿನಿಂದ ಕರೆತಂದು ತಮ್ಮ ಹೋಟೆಲಿನಲ್ಲಿ ಕೆಲಸಕ್ಕೆ ಹಾಕಿದರು. ಟೇಬಲ್ ಒರೆಸುವುದರಿಂದ ಶುರು ಮಾಡಿ, ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕೂತು, ಕೊನೆಗೆ ಇವರು ಗ್ರಾಂಟ್ ರೋಡಿನಲ್ಲಿ ತಮ್ಮದೇ ಒಂದು ಸಣ್ಣ ಹೋಟೆಲು ನಡೆಸುವಲ್ಲಿಗೆ ಬಂದರು. ಮನೆ ಮಲಾಡಿನಲ್ಲಿ. ಬೆಳಿಗ್ಗೆ ನಾವು ಏಳುವ ಮೊದಲೇ ಲೋಕಲ್ ರೈಲು ಹಿಡಿದು ಹೋದರೆ, ನಾವು ಮಲಗಿದ ಮೇಲೆಯೇ ಬರುವುದು. ವಾರದ ರಜೆ ಎಂಬುದಿಲ್ಲ. ಒಳ್ಳೆಯ ಮನುಷ್ಯ, ಕುಡಿಯುವುದಿಲ್ಲ, ಬೈಯುವುದಿಲ್ಲ. ಮನೆಯಲ್ಲಿ ಇರುವುದಿಲ್ಲ, ಅಷ್ಟೇ.

ಹೋಟೆಲಿನ ದಂಧೆಯಲ್ಲಿ ಒಂದು ಶಾಸ್ತ್ರವಿದೆ. ಗಿರಾಕಿಗೆ ‘ಇಲ್ಲ’ ಎನ್ನಬಾರದು. ವಡೆ ಮುಗಿದಿರಲಿ, ಹಿಟ್ಟೇ ತಳ ಕಂಡಿರಲಿ, ‘ಹತ್ತು ನಿಮಿಷ’ ಎನ್ನಬೇಕು. ಅಷ್ಟರಲ್ಲಿ ಒಂದು ಲೋಟ ನೀರಿಟ್ಟು, ಬೇರೆ ಏನಾದರೂ ಮುಂದಿಟ್ಟು, ಅವನನ್ನು ಕೂರಿಸಿಕೊಳ್ಳಬೇಕು. ಇಲ್ಲ ಅಂದರೆ ಅವನು ಎದ್ದು ಎದುರಿನ ಹೋಟೆಲಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಇದನ್ನು ಇವರಿಗೆ ಕಲಿಸಿದವರು ವಸಂತಣ್ಣನೇ. ಇವರು ಕಲಿತದ್ದು ಎಷ್ಟು ಚೆನ್ನಾಗಿ ಎಂದರೆ, ಮನೆಯಲ್ಲಿಯೂ ಅದೇ ಪಾಠ. ಮಗಳು ನಿಧಿಯ ಬರ್ತ್‌ಡೇಗೆ ಬರುತ್ತೀರಾ ಎಂದರೆ ಹತ್ತು ನಿಮಿಷದಲ್ಲಿ ಹೊರಟೆ ಎನ್ನುವರು. ಸ್ಕೂಲಿನ ಮೀಟಿಂಗಿಗೂ ಹತ್ತು ನಿಮಿಷ. ನಾವು ಎದ್ದು ಎದುರಿನ ಹೋಟೆಲಿಗೆ ಹೋಗುವ ಗಿರಾಕಿಗಳಲ್ಲವಲ್ಲ. ಅನ್ನದ ಪಾತ್ರೆಗೆ ಮುಚ್ಚಳ ಹಾಕಿ ಕಾಯುತ್ತಿದ್ದೆವು, ಆಮೇಲೆ ಕಾಯುವುದನ್ನೂ ಬಿಟ್ಟೆವು.

ಈಗ ಎಲ್ಲಿ ನೋಡಿದರೂ ಅದೇ ಉಪದೇಶ. ಬದುಕುವುದಾದರೆ ಯೋಚಿಸಿ ಬದುಕಿ, ಬೇಕಾದದ್ದನ್ನು ಆರಿಸಿಕೊಳ್ಳಿ, ಬೇಡವಾದದ್ದನ್ನು ಬಿಡಿ ಎಂದು ಬಿಳಿ ಗೋಡೆಯ ಮುಂದೆ, ಒಂದು ಗಿಡದ ಪಕ್ಕ ಕೂತು ಚಂದದ ಹುಡುಗಿಯರು ವೀಡಿಯೊದಲ್ಲಿ ಹೇಳುತ್ತಾರೆ. ನಮ್ಮ ಮನೆಗೆ ಆ ಜ್ಞಾನ ಬಂದದ್ದು ಗ್ರಾಂಟ್ ರೋಡಿನ ಕಟ್ಟಡದ ಗೋಡೆಗೆ ಅಂಟಿಸಿದ ಒಂದು ನೋಟಿಸಿನಿಂದ. ಕಂಬಗಳು ಶಿಥಿಲವಾಗಿವೆ, ಕೆಳಗಿನ ಅಂಗಡಿಗಳೆಲ್ಲ ದೀಪಾವಳಿಯವರೆಗೆ ಬಂದ್. ಇವರು ಹೋಟೆಲಿನ ಹುಡುಗರನ್ನು ಊರಿಗೆ ಕಳಿಸಿ, ಷಟರ್ ಎಳೆದು, ಕೊಡೆ ಹಿಡಿದು ಹಗಲಿನಲ್ಲೇ ಮನೆಗೆ ಬಂದರು. ಬಾಗಿಲು ತೆರೆದ ನನಗೆ ಮೊದಲು ಬಂದ ಯೋಚನೆ, ಯಾರಿಗೋ ಏನೋ ಆಗಿದೆ ಎಂದು.

ಮೊದಲ ದಿನಗಳು ನೆನೆದರೆ ಈಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಕತ್ತಲಿರುವಾಗಲೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ, ಸೋಫಾದ ತುದಿಯಲ್ಲಿ ಕೂರುತ್ತಿದ್ದರು. ಲೋಕಲ್ಲಿನಲ್ಲಿ ಮೂವರ ಬೆಂಚಿನ ತುದಿಗೆ ನಾಲ್ಕನೇ ಸೀಟು ಸಿಕ್ಕವರ ಹಾಗೆ ಅರ್ಧವೇ ಕೂತು. ನಾವು ಊಟಕ್ಕೆ ಕೂತರೆ ಹಿಂದೆಯೇ ನಿಲ್ಲುತ್ತಿದ್ದರು. ಲೋಟದಲ್ಲಿ ನೀರು ಅರ್ಧಕ್ಕಿಳಿಯಬಾರದು, ತುಂಬಿಸಿಬಿಡುವರು. ನಿಧಿ ಕೊನೆಯ ತುತ್ತು ಬಾಯಿಗಿಡುವಷ್ಟರಲ್ಲಿ ತಟ್ಟೆ ಎತ್ತಿ ಟೇಬಲ್ ಒರೆಸಿ ಆಗಿರುತ್ತಿತ್ತು. ತಮ್ಮ ಊಟ ಮಾತ್ರ ಕೊನೆಗೆ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಒಂದು ಕಣ್ಣು ಬಾಗಿಲ ಮೇಲೆ. ಧಣಿ ಆದವನು ಕೂತು ಉಂಡರೆ ಹೋಟೆಲು ಮಲಗುತ್ತದೆ ಎಂಬುದು ಆ ಜನರ ನಂಬಿಕೆ. ಮಲಗಲು ಇಲ್ಲಿ ಹೋಟೆಲೇ ಇಲ್ಲವಲ್ಲ ಎಂದೆ. ಅಭ್ಯಾಸ ಎಂದರು.

ಒಂದು ಬೆಳಿಗ್ಗೆ, ಇವತ್ತು ನೀನು ಮಲಗು, ತಿಂಡಿ ನಾನು ಮಾಡುತ್ತೇನೆ ಎಂದರು. ಎದ್ದು ನೋಡಿದರೆ ಮನೆಯ ಅತಿ ದೊಡ್ಡ ಪಾತ್ರೆಯ ತುಂಬ ಉಪ್ಪಿಟ್ಟು. ರವೆಯ ಡಬ್ಬಿ ಖಾಲಿ. ಮೂವರಿಗೆ ಎಷ್ಟು ಎಂದು ಆ ಕೈಗೆ ಗೊತ್ತೇ ಇರಲಿಲ್ಲ. ಮಾಳಿಗೆಯ ಎಲ್ಲ ಬಾಗಿಲಿಗೂ ಹಂಚಿದೆವು. ಎದುರುಮನೆಯಾಕೆ ಕದಂ ಕಾಕು ತಟ್ಟೆ ತೆಗೆದುಕೊಳ್ಳುತ್ತಾ, ಏನು ಭಾವೋಜಿ, ಮನೆಯಲ್ಲೇ ಹೋಟೆಲ್ ಹಾಕಿದಿರಾ ಎಂದು ಮರಾಠಿಯಲ್ಲಿ ಕೇಳಿದರು. ಇವರು ಗಂಭೀರವಾಗಿ, ಚಟ್ನಿ ಬೇಕಾ, ಹತ್ತು ನಿಮಿಷ ಎಂದರು.

ನಿಧಿಗೆ ಆಗ ಹದಿನಾರು, ಜೂನಿಯರ್ ಕಾಲೇಜಿನ ಮೊದಲ ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಹತ್ತಿಬಿಡುತ್ತಾಳೆ. ಅಪ್ಪ ಹೀಗೆ ದಿನವಿಡೀ ಹಾಲಿನಲ್ಲಿ ಓಡಾಡುವುದು ಅವಳಿಗೆ ಕಿರಿಕಿರಿ. ಫೋನಿನಲ್ಲಿ ಮಾತಾಡುವಂತಿಲ್ಲ, ಸೋಫಾದಲ್ಲಿ ಬಿದ್ದುಕೊಳ್ಳುವಂತಿಲ್ಲ. ಒಂದು ದಿನ ನನ್ನ ಹತ್ತಿರ ಬಂದು ಕೇಳಿದಳು.

“ಮಮ್ಮಿ, ಪಪ್ಪಾ ವಾಪಸ್ ಯಾವಾಗ ಹೋಗ್ತಾರೆ?”

ಮನೆಗೆ ಬಂದ ನೆಂಟರ ಬಗ್ಗೆ ಕೇಳಿದ ಹಾಗೆ. ಇವರು ಅಲ್ಲೇ, ಬಾಲ್ಕನಿಯಲ್ಲಿ ಒಣಗದ ಬಟ್ಟೆ ತಿರುವಿ ಹಾಕುತ್ತಿದ್ದರು. ಕೇಳಿಸಿತು. ಕೈ ನಿಲ್ಲಲಿಲ್ಲ, ತಲೆಯೂ ಎತ್ತಲಿಲ್ಲ. ನನ್ನ ಕುರ್ತಾವನ್ನು ಮಾತ್ರ ಹಿಂಡಿದ್ದನ್ನೇ ಹಿಂಡಿದರು.

ಆಮೇಲೆ ದಿನಗಳು ಒಂದರೊಳಗೊಂದು ಕರಗಿದವು. ಮುಂಬೈಯ ಮಳೆಗೆ ಆ ಗುಣ ಉಂಟು. ಬೆಳಿಗ್ಗೆಯೂ ಸಂಜೆಯೂ ಒಂದೇ ಬಣ್ಣ. ಮನೆ ತುಂಬ ಹಗ್ಗ, ಹಗ್ಗದ ತುಂಬ ಬಟ್ಟೆ, ಬಟ್ಟೆಗಳ ನಡುವೆ ನಾವು ಮೂವರು ಬಗ್ಗಿ ಬಗ್ಗಿ ಓಡಾಡುವುದು. ಕಿಟಕಿಯ ಮೇಲಿನ ತಗಡಿನ ಮೇಲೆ ಮಳೆ ಬಿದ್ದೂ ಬಿದ್ದೂ, ಅದು ನಿಂತಾಗ ಕಿವಿಗೇ ಏನೋ ಕಳೆದುಹೋದ ಹಾಗಾಗುತ್ತಿತ್ತು. ದೂರದಲ್ಲಿ ಲೋಕಲ್ಲುಗಳು ನಿಧಾನವಾಗಿ ನೀರಿನಲ್ಲಿ ಹೋಗುವ ಸದ್ದು. ಆ ಸದ್ದಿಗೆ ಮೊದಮೊದಲು ಇವರು ಗಡಿಯಾರ ನೋಡುತ್ತಿದ್ದರು. ಒಂದು ಮಧ್ಯಾಹ್ನ ನೋಡಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು, ಫ್ಯಾನಿನ ಗಾಳಿಗೆ ಮೇಲೆ ತೂಗುತ್ತಿದ್ದ ನಿಧಿಯ ದುಪಟ್ಟಾ ಅವರ ಮುಖಕ್ಕೆ ನೆರಳು ಕೊಡುತ್ತಾ, ತೆಗೆಯುತ್ತಾ ಇತ್ತು. ಹಗಲು ಬೆಳಕಿನಲ್ಲಿ ನನ್ನ ಗಂಡ ನಿದ್ದೆ ಮಾಡುವುದನ್ನು ನಾನು ಅದಕ್ಕೂ ಮೊದಲು ನೋಡಿದ್ದೆನೋ ಇಲ್ಲವೋ ನೆನಪಿಲ್ಲ. ಹುಬ್ಬಿನಲ್ಲಿ ಬಿಳಿ ಕೂದಲಿತ್ತು. ಅದು ಯಾವಾಗ ಬಂತು?

ಇನ್ನೊಂದು ದಿನ ಮೂವರೂ ಬಸ್ಸು ಹತ್ತಿ ಮಾರ್ವೆಯ ಸಮುದ್ರ ದಂಡೆಗೆ ಹೋದೆವು. ಮಲಾಡ್ ಸ್ಟೇಷನ್ನಿನಿಂದ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ, ಆದರೂ ಇಷ್ಟು ವರ್ಷಗಳಲ್ಲಿ ಇವರು ಆ ಸಮುದ್ರ ನೋಡಿರಲಿಲ್ಲ. ಬೂದು ನೀರು, ಬೂದು ಆಕಾಶ, ನಡುವೆ ಗೆರೆಯೇ ಇಲ್ಲ. ಒಂದೇ ಕೊಡೆಯ ಕೆಳಗೆ ಮೂವರೂ ಅರ್ಧರ್ಧ ನೆನೆಯುತ್ತಾ ನಿಂತೆವು. ಇದೇ ನೀರು ಕೆಳಗೆ ಹೋದರೆ ನಮ್ಮ ಊರು ಎಂದು ನಿಧಿಗೆ ಕೈ ತೋರಿಸಿದರು. ಹುಡುಗನಾಗಿದ್ದಾಗ ಮಳೆಗಾಲದಲ್ಲಿ ದಡಕ್ಕೆ ಬಂದು ಬಿದ್ದ ಕಟ್ಟಿಗೆ ಆರಿಸುತ್ತಿದ್ದದ್ದು, ಒಮ್ಮೆ ಒಂದು ಚಪ್ಪಲಿ ಮಾತ್ರ ಸಿಕ್ಕಿ, ಇನ್ನೊಂದೂ ಬಂದೀತು ಎಂದು ದಿನಾ ಹೋಗಿ ಕಾದದ್ದು, ಎಲ್ಲ ಹೇಳಿದರು. ನಿಧಿ ಕೊಡೆಯಿಂದ ಹೊರಗೆ ಸರಿದು, ಪೂರ್ತಿ ನೆನೆಯುತ್ತಾ ಕೇಳಿದಳು. ಇನ್ನೊಂದು ಚಪ್ಪಲಿ ಬಂತಾ ಎಂದು ಅವಳಿಗೆ ತಿಳಿಯಬೇಕಿತ್ತು. ಬರಲಿಲ್ಲ, ಅಷ್ಟರಲ್ಲಿ ನಾನೇ ಇಲ್ಲಿಗೆ ಬಂದೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅಪ್ಪನ ಪಕ್ಕ ಕೂತಳು. ನಾನು ಹಿಂದಿನ ಸೀಟಿನಿಂದ ಎರಡು ಒದ್ದೆ ತಲೆಗಳನ್ನು ನೋಡುತ್ತಾ ಬಂದೆ. ಇಷ್ಟೇ ಸಾಕು ಅನಿಸಿತು. ಹಾಗೆ ಅನಿಸಿದಾಗಲೇ ಹುಷಾರಾಗಿರಬೇಕು.

ಯಾಕೆಂದರೆ ಆ ವಾರವೇ ವಸಂತಣ್ಣ ಬಂದರು, ಮಿಠಾಯಿ ಡಬ್ಬಿ ಹಿಡಿದು, ಪ್ಯಾಂಟು ಮೊಣಕಾಲಿನವರೆಗೆ ಮಡಚಿ. ಥಾಣೆ ಪಟ್ಟಣದ ಆಚೆ ಹೈವೇ ಮೇಲೆ ಒಂದು ಹೋಟೆಲು ಇದೆಯಂತೆ. ರೆಡಿ ಅಡುಗೆಮನೆ, ರೆಡಿ ಜನ, ಹಗಲೂ ರಾತ್ರಿಯೂ ತೆರೆದೇ ಇರುವುದು. ಇಬ್ಬರೂ ಸೇರಿ ಹಿಡಿಯೋಣ, ಚೌತಿ ಕಳೆದ ಕೂಡಲೇ ಸದಾ ಹೋಗಿ ಕೂತುಬಿಡಲಿ, ದೀಪಾವಳಿ ಆದ ಮೇಲೆ ಗ್ರಾಂಟ್ ರೋಡನ್ನೂ ಅವನೇ ನೋಡಿಕೊಳ್ಳಲಿ ಎಂಬುದು ಅವರ ಲೆಕ್ಕ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತಮ್ಮ ಖಾಲಿ ಕೂತಿದ್ದಾನೆ, ಕೈ ಹಿಡಿದು ಎತ್ತಬೇಕು ಎಂದೇ ಬಂದದ್ದು. ಇವರು ನಿಂತೇ ಕೇಳಿದರು. ಕೊನೆಗೆ, ನೋಡುವಾ ಅಣ್ಣ ಎಂದರು.

‘ನೋಡುವಾ’ ಎಂದರೆ ಏನೆಂದು ನನಗೆ ಗೊತ್ತು. ಅದು ‘ಹತ್ತು ನಿಮಿಷ’ದ ಅಣ್ಣ. ಇಲ್ಲ ಎನ್ನಲು ಬಾರದವನ ಹೂಂ.

ಎರಡು ಹೋಟೆಲು, ಅದರಲ್ಲೊಂದು ಬಾಗಿಲೇ ಮುಚ್ಚದ್ದು. ಬಸ್ಸಿನ ಆ ಎರಡು ಒದ್ದೆ ತಲೆಗಳು ಕಣ್ಣಿಗೆ ಕಟ್ಟಿದವು. ವಸಂತಣ್ಣ ಹೋದ ಮೇಲೆ ಅಡುಗೆಮನೆಯಲ್ಲಿ ಹೇಳಿದೆ. ನಾನು ಅಳುವವಳಲ್ಲ, ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

“ನೀವು ತಕೊಳ್ಳುದಾದ್ರೆ ತಕೊಳ್ಳಿ, ನಾನು ಅಡ್ಡ ಬರುದಿಲ್ಲ. ಆದ್ರೆ ಇನ್ನು ಹತ್ತು ನಿಮಿಷ ಅಂತ ಹೇಳಿ ಹೋಗ್ಬೇಡಿ. ಬರುದಿಲ್ಲ ಅಂತ್ಲೇ ಹೇಳಿ ಹೋಗಿ. ನಾವು ಉಂಡು ಮಲಗ್ತೇವೆ.”

ಅವರು ತೊಳೆದ ಲೋಟವನ್ನೇ ಮತ್ತೆ ತೊಳೆದರು.

“ಇಲ್ಲ ಅಂತ ಹೇಳ್ಲಿಕ್ಕೆ ನಂಗೆ ಯಾರೂ ಕಲಿಸ್ಲಿಲ್ಲ ಮಾರಾಯ್ತಿ. ಅದೂ ವಸಂತಣ್ಣನಿಗೆ.”

ನಾನು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ನಿಧಿ ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಫ್ಲ್ಯಾಟಿನಲ್ಲಿ ಗುಟ್ಟು ಇಟ್ಟುಕೊಳ್ಳುವಷ್ಟು ಜಾಗ ಎಲ್ಲಿ?

ಚೌತಿಗೆ ಇನ್ನೇನು ಕೆಲವು ದಿನ. ಬೆಳಿಗ್ಗೆಯಿಂದ ಹುಚ್ಚು ಮಳೆ, ಕಾಲೇಜಿಗೆ ರಜೆ, ಕೆಳಗೆ ರಸ್ತೆಯಲ್ಲಿ ನೀರು, ಕರೆಂಟೂ ಹೋಯಿತು. ಮೊಬೈಲು ಸತ್ತದ್ದರಿಂದ ನಿಧಿಗೆ ಮಾಡಲು ಏನೂ ಇರಲಿಲ್ಲ. ಕಿಟಕಿಯ ಹೊರಗಿನ ಮರದ ಎಲೆಗಳಿಂದಾಗಿ ಹಾಲಿನಲ್ಲಿ ಹಸಿರು ಬೆಳಕು, ನೀರಿನೊಳಗೆ ಕೂತ ಹಾಗೆ. ಇವರು ಎಂದಿನಂತೆ ಟೇಬಲ್ ಒರೆಸುತ್ತಿದ್ದರು. ಅವಳು ಆ ಬಟ್ಟೆ ಕಸಿದುಕೊಂಡು, ಹೆಗಲಿಗೆ ಹಾಕಿಕೊಂಡು, ಅಪ್ಪನನ್ನು ಕುರ್ಚಿಗೆ ತಳ್ಳಿ ಕೂರಿಸಿದಳು. ನೀರಿನ ಲೋಟ ತಂದಿಟ್ಟಳು, ಬೇಕೆಂದೇ ಒಳಗೆ ಬೆರಳು ಅದ್ದಿ. ಇಡ್ಲಿ, ವಡಾ, ಸಾದಾ ದೋಸೆ, ಮಸಾಲಾ ದೋಸೆ ಎಂದು ಒಂದೇ ಉಸಿರಿನಲ್ಲಿ ಓಡಿಸಿದಳು. ಉಪ್ಪಿಟ್ಟು ಬಿಟ್ಟೆ ಎಂದು ಇವರು ತಿದ್ದಿದರು. ಆಮೇಲೆ, ಒಂದು ಸಾದಾ ಕೊಡಿ ಎಂದು ತಾವೂ ಆಟಕ್ಕಿಳಿದರು.

“ಸಾದಾ ಇಲ್ಲ,” ಎಂದಳು.

“ಹಾಗೆ ಇಲ್ಲ ಅನ್ಬಾರ್ದು ಮಗಾ. ಹತ್ತು ನಿಮಿಷ ಅನ್ಬೇಕು.”

“ಇದು ನನ್ನ ಹೋಟೆಲ್ ಪಪ್ಪಾ. ಇಲ್ಲಿ ಇಲ್ಲ ಅಂದ್ರೆ ಇಲ್ಲ. ಫಿರ್ ಕಸ್ಟಮರ್ ಸುಮ್ನೆ ವೇಟ್ ಮಾಡುದಿಲ್ಲ ನಾ.”

ನಾನು ಬಾಗಿಲಲ್ಲಿ ನಿಂತಿದ್ದೆ. ಇವರು ನಗಲು ಹೊರಟವರು ನಗಲಿಲ್ಲ.

“ಬೋಲೋ ಸಾಹೇಬ್,” ಎಂದಳು ಅವಳು, ದನಿ ತಗ್ಗಿಸಿ. “ನಿಮಗೆ ಎಂತ ಬೇಕು?”

ಆ ಪ್ರಶ್ನೆಯನ್ನು ಎಷ್ಟು ಸಾವಿರ ಜನರಿಗೆ ಕೇಳಿದ್ದಾರೋ ಆ ಮನುಷ್ಯ. ಯಾರು ಸಕ್ಕರೆ ಹಾಕುವುದಿಲ್ಲ, ಯಾರಿಗೆ ಸಾಂಬಾರು ಬೇರೆ ಬಟ್ಟಲಲ್ಲಿ ಬೇಕು ಎಲ್ಲ ಬಾಯಿಪಾಠ. ಅವರನ್ನು ಕೇಳಿದವರು ಯಾರು? ನಾನು ಕೇಳಿದ್ದೆನಾ? ನನಗೆ ಏನು ಬೇಕೆಂದು ಹೇಳಿದ್ದೆ, ಸ್ಪಷ್ಟವಾಗಿಯೇ ಹೇಳಿದ್ದೆ. ಇವರು ಕಿಟಕಿಯ ಕಡೆ ನೋಡಿದರು. ಮಳೆ ತಗಡಿನ ಮೇಲೆ ತನ್ನ ಪಾಡಿಗೆ ಬೀಳುತ್ತಿತ್ತು. ನಿಧಿ ಹೆಗಲ ಬಟ್ಟೆ ಹಿಡಿದು, ನಿಜವಾದ ಸಪ್ಲೈಯರ್ ಹಾಗೆ ಕಾದಳು.

“ಸ್ವಲ್ಪ ಹೊತ್ತು ಕೂತ್ಕೊಳ್ಬೇಕು,” ಎಂದರು ಇವರು.

“ಬೈಠೋ ನಾ ಪಪ್ಪಾ. ಇಲ್ಲಿಂದ ಯಾರೂ ಎಬ್ಬಿಸುದಿಲ್ಲ.”

ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಬೆನ್ನು ಪೂರ್ತಿ ತಾಗುವಂತೆ. ಅಂದು ಊಟವನ್ನು ಅವಳೇ ಬಡಿಸಿದಳು, ಅನ್ನದ ಮೇಲೆ ಸಾರು ಹಾಕಿ ಎದುರಿಗೆ ಕೂತಳು. ಇವರು ಕೂತು ಉಂಡರು, ನಿಧಾನವಾಗಿ, ಯಾವುದೋ ಹೊಸ ಪದಾರ್ಥ ತಿನ್ನುವವರ ಹಾಗೆ. ಊಟ ಮುಗಿದು ತಟ್ಟೆಯಲ್ಲೇ ಕೈ ಒಣಗಿತು, ಅಪ್ಪ ಮಗಳ ಮಾತು ಮುಗಿಯಲಿಲ್ಲ. ನಾನು ತಟ್ಟೆ ಎತ್ತಲಿಲ್ಲ.

ಆದರೂ ಚೌತಿಯ ದಿನ ನನಗೆ ಧೈರ್ಯವಿರಲಿಲ್ಲ. ವಸಂತಣ್ಣನ ಮನೆ ಕುರ್ಲಾದಲ್ಲಿ. ಪ್ರತಿ ವರ್ಷ ಅಲ್ಲಿ ಗಣಪತಿ ಕೂರಿಸುತ್ತಾರೆ, ನಮ್ಮ ಕಡೆಯವರೆಲ್ಲ ಸೇರುತ್ತಾರೆ. ಹಾಲಿನಲ್ಲಿ ಗೋಡೆಯುದ್ದಕ್ಕೂ ಎಲೆ ಹಾಕುತ್ತಾರೆ. ಇವರು ಪ್ರತಿ ವರ್ಷದಂತೆ ಬಂದ ಕೂಡಲೇ ಲುಂಗಿ ಎತ್ತಿ ಕಟ್ಟಿ, ಬಡಿಸಲು ನಿಂತರು. ಬಡಿಸುವುದೆಂದರೆ ಸದಾನೇ, ಉಣ್ಣುವುದು ಕೊನೆಯ ಪಂಕ್ತಿಯಲ್ಲಿ, ಉಳಿದದ್ದನ್ನು. ಅದು ಆ ಮನೆಯ ಪದ್ಧತಿಯೇ ಆಗಿಹೋಗಿತ್ತು. ಪಾಯಸದ ಬಕೆಟ್ ಹಿಡಿದು ವಸಂತಣ್ಣನ ಎಲೆಯ ಮುಂದೆ ಬಗ್ಗಿದಾಗ, ಅವರು ಎಲ್ಲರಿಗೂ ಕೇಳುವಂತೆ ಹೇಳಿದರು.

“ಸದಾ, ಸೋಮವಾರದಿಂದ ಥಾಣೆಯಲ್ಲಿ ಕೂರುದಲ್ವಾ? ಆ ಹೋಟೆಲಿನವರಿಗೆ ಹೇಳಿ ಆಗಿದೆ ನಾನು.”

ಸೌಟು ಬಕೆಟಿನಲ್ಲೇ ನಿಂತಿತು. ನಾನು ನಿಧಿಯ ಕೈ ಹಿಡಿದುಕೊಂಡೆ. ನೋಡುವಾ ಎನ್ನುತ್ತಾರೆ, ಈಗ ನೋಡುವಾ ಎನ್ನುತ್ತಾರೆ ಎಂದು ನನ್ನ ಮನಸ್ಸು ಹೇಳುತ್ತಲೇ ಇತ್ತು.

“ಇಲ್ಲ ಅಣ್ಣ. ಆಗುದಿಲ್ಲ. ನಂಗೆ ಒಂದೇ ಸಾಕು.”

ವಸಂತಣ್ಣನ ಮುಖ ಕೆಂಪಾಯಿತು.

“ನಿನ್ನನ್ನು ಊರಿಂದ ಕರ್ಕೊಂಡು ಬಂದದ್ದು ಯಾರು?”

“ನೀವೇ ಅಣ್ಣ. ಅದಕ್ಕೇ ನಿಮ್ಗೆ ಹತ್ತು ನಿಮಿಷ ಅಂತ ಹೇಳ್ಲಿಲ್ಲ.”

ಹಾಗೆಂದು ಅವರ ಎಲೆಗೆ ಎರಡು ಸೌಟು ಪಾಯಸ ಹಾಕಿದರು. ಒಂದಿಷ್ಟು ಎಲೆಯ ಹೊರಗೆ ಚೆಲ್ಲಿತು. ಆಮೇಲೆ ಬಕೆಟನ್ನು ಅಲ್ಲೇ ಗೋಡೆಯ ಬದಿಗಿಟ್ಟು, ಕೈ ತೊಳೆದು ಬಂದು, ನಿಧಿಯ ಪಕ್ಕದ ಖಾಲಿ ಎಲೆಯ ಮುಂದೆ ಕೂತರು. ಮೊದಲ ಪಂಕ್ತಿಯಲ್ಲಿ. ಒಂದು ಗಳಿಗೆ ಬಡಿಸುವವರೇ ಇರಲಿಲ್ಲ. ವಸಂತಣ್ಣನ ಸೊಸೆ ಗಡಬಡಿಸಿ ಎದ್ದು ಬಕೆಟ್ ಎತ್ತಿಕೊಂಡಳು.

ಎಲ್ಲ ಸುಖವಾಗಿ ಮುಗಿಯಿತು ಎಂದು ನಾನು ಸುಳ್ಳು ಬರೆಯುವುದಿಲ್ಲ. ಮುಂದಿನ ಚೌತಿಗೆ ಕುರ್ಲಾದಿಂದ ನಮಗೆ ಫೋನು ಬರಲಿಲ್ಲ. ಅದರ ಮುಂದಿನದಕ್ಕೆ ಬಂತು, ಆದರೆ ‘ಸದಾ’ ಎಂದು ಕರೆಯುವಾಗ ಹಿಂದಿನ ಆ ಸದರ ಇರಲಿಲ್ಲ. ಇವರಿಗೆ ಅದು ಈಗಲೂ ನೋಯುತ್ತದೆ. ಯೋಚಿಸಿ ಆರಿಸಿಕೊಂಡ ಬದುಕಿಗೆ ಬೆಲೆ ತೆರಬೇಕಾಗಿಲ್ಲ ಎಂದು ಆ ವೀಡಿಯೊ ಹುಡುಗಿಯರು ಹೇಳಿದರೆ ನಂಬಬೇಡಿ.

ದೀಪಾವಳಿಯ ನಂತರ ಬಿದಿರು ಬಿಚ್ಚಿದರು, ಷಟರು ಮೇಲೆ ಹೋಯಿತು. ಗಲ್ಲಾದ ಹಿಂದೆ ಹೊಸ ಬೋರ್ಡು ಬಂತು, ಸೋಮವಾರ ಬಂದ್ ಎಂದು. ಹಳೆಯ ಗಿರಾಕಿಗಳು ನಕ್ಕರು, ಕೆಲವರು ನಿಜಕ್ಕೂ ಎದುರಿನ ಹೋಟೆಲಿಗೆ ಹೋದರು, ಅರ್ಧ ಜನ ಮಂಗಳವಾರ ವಾಪಸು ಬಂದರು. ಸೋಮವಾರ ಸಂಜೆ ಇವರದೇ ಅಡುಗೆ. ಮೂವರಿಗೆ ಎಷ್ಟು ಎಂದು ಕೈ ಕಲಿಯಲು ವರ್ಷವೇ ಹಿಡಿಯಿತು. ಕದಂ ಕಾಕುವಿಗೆ ಅಷ್ಟು ದಿನ ಹಬ್ಬ.

ಇವತ್ತೂ ಸೋಮವಾರ. ನಿಧಿ ಈಗ ಕೆಲಸಕ್ಕೆ ಹೋಗುತ್ತಾಳೆ, ಅಂಧೇರಿಯಲ್ಲಿ ಆಫೀಸು. ಸಾರಿಗೆ ಒಗ್ಗರಣೆ ಬೀಳುವಾಗ ಅವಳ ಫೋನು ಬಂತು. ಇವರು ಸ್ಪೀಕರಿಗೆ ಹಾಕಿದರು.

“ಹತ್ತು ನಿಮಿಷ ಪಪ್ಪಾ, ಹೊರಟೆ.”

“ನಿಜ ಹೇಳು.”

ಆ ಕಡೆ ಆಫೀಸಿನ ಗದ್ದಲದ ನಡುವೆ ನಿಧಿ ನಕ್ಕಳು.

“ಇಲ್ಲ ಪಪ್ಪಾ. ಲೇಟ್ ಆಗ್ತದೆ. ನೀವು ಊಟ ಮಾಡಿ.”

“ಆಯ್ತು ಮಗಾ,” ಎಂದು ಇಟ್ಟರು. ಮುಖದಲ್ಲಿ ಬೇಸರ ಹುಡುಕಿದೆ, ಕಾಣಲಿಲ್ಲ. ಅವಳ ಪಾಲಿನ ಸಾರು ಒಂದು ಬಟ್ಟಲಿಗೆ ತೆಗೆದು ಮುಚ್ಚಿಟ್ಟರು. ನನಗೆ ಬಡಿಸಿದರು, ತಮಗೂ ಬಡಿಸಿಕೊಂಡರು, ಕುರ್ಚಿ ಎಳೆದು ಒರಗಿ ಕೂತರು. ಹೊರಗೆ ಹಗ್ಗ ನೆನೆಯುತ್ತಿತ್ತು. ನನ್ನ ತಟ್ಟೆಯಲ್ಲಿ ಅನ್ನ ಉಳಿದಿತ್ತು, ಪಾತ್ರೆಯಲ್ಲಿ ಸಾರು ಮುಗಿದಿತ್ತು. ಇನ್ನು ಸ್ವಲ್ಪ ಸಾರು ಇದೆಯಾ ಎಂದೆ.

“ಇಲ್ಲ,” ಎಂದರು ನನ್ನ ಗಂಡ, ಕೂತಲ್ಲಿಂದಲೇ, ತಮ್ಮ ತಟ್ಟೆಯನ್ನು ನನ್ನ ಕಡೆಗೆ ಸರಿಸುತ್ತಾ.